ಬಿಸಿಲಿನ ತಾಪವೂ ಸಮಾಜದ ಸಿದ್ಧತೆಯೂ

ಪ್ರಕೃತಿಯ ವಿಕೋಪಗಳಲ್ಲಿ ಪ್ರವಾಹ, ಭೂಕಂಪ, ಚಂಡಮಾರುತಗಳು ಕಣ್ಣಿಗೆ ಕಾಣುವಂಥವು. ಅವು ಬಂದು ಹೋದ ಮೇಲೆ ಮುರಿದ ಮನೆಗಳೂ ಉರುಳಿದ ಮರಗಳೂ ಅನಾಹುತಕ್ಕೆ ಸಾಕ್ಷಿಯಾಗಿ ಉಳಿಯುತ್ತವೆ. ಬಿಸಿಗಾಳಿಯ ರೀತಿ ಬೇರೆ. ಅದು ಹಾದುಹೋದ ಊರಿನಲ್ಲಿ ಒಂದು ಹೆಂಚೂ ಕದಲಿರುವುದಿಲ್ಲ, ಒಂದು ಗೋಡೆಯೂ ಬಿರಿದಿರುವುದಿಲ್ಲ. ಬಾಗಿಲು ಮುಚ್ಚಿದ ಕೋಣೆಯೊಳಗೆ, ಹೊಲದ ಬದುವಿನ ಮೇಲೆ, ರಸ್ತೆಯ ಬದಿಯಲ್ಲಿ ಜನರು ಒಬ್ಬೊಬ್ಬರಾಗಿ, ಸದ್ದಿಲ್ಲದೆ ಪ್ರಾಣ ಬಿಡುತ್ತಾರೆ. ಎಷ್ಟು ಮಂದಿ ಸತ್ತರೆಂಬುದು ಗೊತ್ತಾಗುವುದಕ್ಕೇ ಹಲವು ವೇಳೆ ವರ್ಷಗಳು ಹಿಡಿಯುತ್ತವೆ.

ಈ ವಿಷಯದಲ್ಲಿ ಇನ್ನೂ ಒಂದು ವೈಚಿತ್ರ್ಯವಿದೆ. ತಾಪ ಹೆಚ್ಚಾದಲ್ಲಿ ಸಾವು ಹೆಚ್ಚು, ಕಡಿಮೆಯಾದಲ್ಲಿ ಸಾವು ಕಡಿಮೆ ಎಂದು ಯಾರಾದರೂ ಭಾವಿಸುವುದು ಸಹಜ. ಆದರೆ ಉಷ್ಣಮಾಪಕದ ಏರಿಕೆಗೂ ಸಾವಿನ ಸಂಖ್ಯೆಗೂ ಅಂಥ ನೇರವಾದ ಸಂಬಂಧವಿಲ್ಲ. ರಾಯಚೂರು, ಕಲಬುರಗಿಗಳಲ್ಲಿ ಏಪ್ರಿಲ್, ಮೇ ತಿಂಗಳ 42 ಡಿಗ್ರಿ ಸೆಲ್ಸಿಯಸ್ ತಾಪ ಯಾರಿಗೂ ಸುದ್ದಿಯಲ್ಲ. ಜನ ಬೆವರೊರೆಸಿಕೊಂಡು ಸಂತೆಗೆ ಹೋಗಿ ಬರುತ್ತಾರೆ. 2003ರ ಆಗಸ್ಟ್ ತಿಂಗಳಲ್ಲಿ ಪ್ಯಾರಿಸ್ ನಗರದ ತಾಪ 40 ಡಿಗ್ರಿಯ ಸನಿಹಕ್ಕೆ ಏರಿತು. ಆ ತಿಂಗಳ ಮೊದಲ ಮೂರು ವಾರಗಳಲ್ಲಿ ಫ್ರಾನ್ಸ್ ದೇಶ ಸುಮಾರು 15,000 ಜನರನ್ನು ಕಳೆದುಕೊಂಡಿತು. ಸಂಪತ್ತು, ವಿದ್ಯೆ, ವೈದ್ಯಕೀಯ ಸೌಕರ್ಯಗಳಲ್ಲಿ ಮುಂಚೂಣಿಯಲ್ಲಿರುವ ದೇಶವೊಂದು ಕರ್ನಾಟಕದ ಬಯಲುಸೀಮೆಯ ಸಾಧಾರಣ ಬೇಸಗೆಯೆದುರು ಸೋತುದೇಕೆ? ಈ ಪ್ರಶ್ನೆಗೆ ಉತ್ತರವನ್ನು ಅರಸಿದರೆ ಆಕಾಶದ ಸೂರ್ಯನಿಗಿಂತ ಭೂಮಿಯ ಮೇಲಿನ ಮನುಷ್ಯರ ಬಾಳಿನ ರೀತಿಯೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತದೆ.

ಶರೀರದ ಧರ್ಮ

ಮಾನವ ಶರೀರವು ಒಂದು ಒಲೆಯಿದ್ದಂತೆ. ಉಂಡ ಅನ್ನವನ್ನು ಅದು ಸದಾ ಉರಿಸುತ್ತಿರುತ್ತದೆ. ಸುಮ್ಮನೆ ಕುಳಿತಿರುವ ಒಬ್ಬ ವಯಸ್ಕನ ದೇಹ ಹೊರಸೂಸುವ ಉಷ್ಣವು ನೂರು ವ್ಯಾಟಿನ ಒಂದು ವಿದ್ಯುದ್ದೀಪದ ಉಷ್ಣಕ್ಕೆ ಸಮ. ಮೂಟೆ ಹೊರುವಾಗ, ಗುದ್ದಲಿ ಹಿಡಿದು ಅಗೆಯುವಾಗ ಇದು ಹಲವು ಪಟ್ಟು ಹೆಚ್ಚುತ್ತದೆ. ಈ ಉಷ್ಣವನ್ನು ಹೊರಹಾಕಿ ದೇಹದ ಒಳತಾಪವನ್ನು 37 ಡಿಗ್ರಿಯ ಆಸುಪಾಸಿನಲ್ಲಿ ಕಾಯ್ದುಕೊಳ್ಳದಿದ್ದರೆ ಜೀವಕ್ಕೆ ಉಳಿಗಾಲವಿಲ್ಲ.

ಹೊರಗಿನ ಗಾಳಿ ಚರ್ಮಕ್ಕಿಂತ ತಂಪಾಗಿರುವವರೆಗೆ ಈ ಕೆಲಸ ಸುಲಭ. ಚರ್ಮದ ತಾಪ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ಬಿಸಿಯಾದೊಡನೆ ಉಷ್ಣವು ಹೊರಗಿನಿಂದಲೇ ದೇಹದೊಳಕ್ಕೆ ಹರಿಯತೊಡಗುತ್ತದೆ. ಆಗ ದೇಹಕ್ಕೆ ಉಳಿಯುವ ಮುಖ್ಯ ಉಪಾಯ ಬೆವರು. ಒಂದು ಲೀಟರ್ ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಉಷ್ಣವನ್ನು ಹೊತ್ತೊಯ್ಯುತ್ತದೆ. ಹಿಮದಷ್ಟು ತಣ್ಣಗಿರುವ ಆರು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಹೆಚ್ಚುಕಡಿಮೆ ಇಷ್ಟೇ ಉಷ್ಣ ಬೇಕು. ಮಣ್ಣಿನ ಗಡಿಗೆಯಲ್ಲಿ ನೀರು ತಂಪಾಗುವುದೂ ಇದೇ ತತ್ತ್ವದಿಂದ.

ಆದರೆ ಈ ತಂಪಿಗೆ ದೇಹವು ಬೆಲೆ ತೆರಬೇಕಾಗುತ್ತದೆ. ಬೆವರಿನೊಡನೆ ನೀರೂ ಉಪ್ಪೂ ಹೋಗಿ ರಕ್ತ ಗಟ್ಟಿಯಾಗುತ್ತದೆ. ಒಳಗಿನ ಉಷ್ಣವನ್ನು ಚರ್ಮದವರೆಗೆ ತಲುಪಿಸಲು ಹೃದಯವು ಹೆಚ್ಚು ಹೆಚ್ಚು ರಕ್ತವನ್ನು ಚರ್ಮದತ್ತ ತಳ್ಳಬೇಕಾಗುತ್ತದೆ. ಯುವಕರ ಹೃದಯ ಈ ಭಾರವನ್ನು ಹೊರುತ್ತದೆ. ವೃದ್ಧರ ಹಾಗೂ ರೋಗಿಗಳ ಹೃದಯ ಮಧ್ಯದಲ್ಲಿಯೇ ಕೈಬಿಡುತ್ತದೆ. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುತ್ತದೆ, ಬೆವರು ತಗ್ಗುತ್ತದೆ. ಮೂತ್ರವನ್ನು ಹೆಚ್ಚಿಸುವ ಕೆಲವು ಔಷಧಗಳು ದೇಹದ ನೀರನ್ನು ಇನ್ನಷ್ಟು ಇಳಿಸುತ್ತವೆ. ದೇಹದ ಒಳತಾಪ 40 ಡಿಗ್ರಿಯನ್ನು ಮೀರಿ, ಬುದ್ಧಿ ಭ್ರಮಿಸಿ, ಪ್ರಜ್ಞೆ ತಪ್ಪುವ ಸ್ಥಿತಿಗೆ ಉಷ್ಣಾಘಾತವೆಂದು ಹೆಸರು. ಆದರೆ ಬಿಸಿಗಾಳಿಯ ದಿನಗಳಲ್ಲಿ ಸಾಯುವವರಲ್ಲಿ ಬಹಳ ಮಂದಿ ಉಷ್ಣಾಘಾತದ ಹಂತವನ್ನು ಮುಟ್ಟುವ ಮೊದಲೇ ಹೃದಯ, ಶ್ವಾಸಕೋಶ, ಮೂತ್ರಪಿಂಡಗಳು ಸೋತು ಸಾಯುತ್ತಾರೆ. ಈ ಮಾತನ್ನು ನೆನಪಿನಲ್ಲಿಡುವುದು ಅವಶ್ಯ. ಸಾವಿನ ಲೆಕ್ಕದ ಪ್ರಸ್ತಾಪ ಬಂದಾಗ ಇದರ ಮಹತ್ವ ತಿಳಿಯುತ್ತದೆ.

ರೂಢಿ, ತೇವ ಮತ್ತು ರಾತ್ರಿ

ಒಂದೇ ತಾಪವು ಎಲ್ಲ ಕಡೆಗೂ ಒಂದೇ ಪರಿಣಾಮವನ್ನು ಉಂಟುಮಾಡದಿರುವುದಕ್ಕೆ ಮೊದಲ ಕಾರಣ ಶರೀರದ ರೂಢಿ. ಬಿಸಿಲಿಗೆ ದಿನವೂ ಒಡ್ಡಿಕೊಂಡವನ ದೇಹ ಒಂದೆರಡು ವಾರಗಳಲ್ಲಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ಬೆವರು ಬೇಗನೆ ಆರಂಭವಾಗುತ್ತದೆ, ಹೆಚ್ಚಾಗಿ ಹರಿಯುತ್ತದೆ. ಅದರಲ್ಲಿ ಉಪ್ಪಿನ ಅಂಶ ಮಾತ್ರ ಕಡಿಮೆಯಾಗುತ್ತದೆ. ಬಿಸಿಲನಾಡಿನಲ್ಲಿ ಬೇಸಗೆ ಮೆಲ್ಲಮೆಲ್ಲನೆ ಏರಿ ಬರುವುದರಿಂದ ಜನರಿಗೆ ಈ ಕಾಲಾವಕಾಶ ದೊರೆಯುತ್ತದೆ. ತಣ್ಣನೆಯ ದೇಶಗಳಲ್ಲಿ ತಾಪವು ಒಮ್ಮೆಲೇ ಎರಗುತ್ತದೆ. ಬೇಸಗೆಯ ಮೊದಲ ಬಿಸಿಗಾಳಿ ಸಾಮಾನ್ಯವಾಗಿ ಹೆಚ್ಚು ಮಾರಕವಾಗುವುದೂ ಇದರಿಂದಲೇ.

ಬಿಸಿಗಾಳಿಯೆಂದರೇನೆಂಬ ನಿರ್ಣಯವೂ ಆದ್ದರಿಂದ ಊರೂರಿಗೆ ಬೇರೆ. ಭಾರತದ ಹವಾಮಾನ ಇಲಾಖೆಯ ನಿಯಮದಂತೆ ಬಯಲು ಪ್ರದೇಶದಲ್ಲಿ ಗರಿಷ್ಠ ತಾಪ 40, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಡಿಗ್ರಿಯನ್ನು ಮುಟ್ಟಬೇಕು. ಜೊತೆಗೆ ಅದು ಆ ಸ್ಥಳದ ವಾಡಿಕೆಯ ತಾಪಕ್ಕಿಂತ ಕನಿಷ್ಠ 4.5 ಡಿಗ್ರಿಯಷ್ಟು ಹೆಚ್ಚಾಗಿರಬೇಕು. ಬ್ರಿಟನ್ನಿನಲ್ಲಾದರೋ ಸತತ ಮೂರು ದಿನ 25ರಿಂದ 28 ಡಿಗ್ರಿಯ ಮಿತಿಯನ್ನು ಮುಟ್ಟಿದರೆ ಸಾಕು, ಬಿಸಿಗಾಳಿಯೆಂದು ಸಾರಲಾಗುತ್ತದೆ. ಬೆಂಗಳೂರಿನವರಿಗೆ ಅದು ಹಿತವಾದ ಹವೆ.

ಎರಡನೆಯದು ಗಾಳಿಯಲ್ಲಿನ ತೇವ. ಬೆವರು ಹರಿದರೆ ಸಾಲದು, ಆರಬೇಕು. ಗಾಳಿಯೇ ನೀರಿನ ಆವಿಯಿಂದ ತುಂಬಿದ್ದರೆ ಬೆವರು ಆರದೆ ಮೈಮೇಲಿಂದ ಇಳಿದುಹೋಗುತ್ತದೆ, ತಂಪು ದೊರೆಯುವುದಿಲ್ಲ. ಬುರುಡೆಗೆ ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕವು ತಾಪ, ತೇವ ಎರಡನ್ನೂ ಕೂಡಿಸಿ ತೋರಿಸುತ್ತದೆ. ಅದು 35 ಡಿಗ್ರಿಯನ್ನು ತೋರಿಸಿದರೆ ನೆರಳಿನಲ್ಲಿ ಸುಮ್ಮನೆ ಕುಳಿತ ಆರೋಗ್ಯವಂತನೂ ಕೆಲವೇ ಗಂಟೆಗಳಲ್ಲಿ ಸಾಯಬಹುದೆಂದು 2010ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯ ವಿಶ್ವವಿದ್ಯಾಲಯದಲ್ಲಿ ಯುವಕ ಯುವತಿಯರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ತೇವದ ಹವೆಯಲ್ಲಿ 31 ಡಿಗ್ರಿಯ ಸುಮಾರಿಗೇ ದೇಹವು ಒಳತಾಪವನ್ನು ತಡೆಹಿಡಿಯಲಾರದೆ ಹೋದುದು ಕಂಡುಬಂದಿತು. ಕಲಬುರಗಿಯ 42 ಡಿಗ್ರಿಯ ಒಣಬಿಸಿಲಿಗಿಂತ ಕಡಲತೀರದ 36 ಡಿಗ್ರಿಯ ಸೆಕೆ ಕೆಲವೊಮ್ಮೆ ಹೆಚ್ಚು ಅಸಹನೀಯವಾಗುವುದರ ಮರ್ಮ ಇದೇ.

ಮೂರನೆಯದು ರಾತ್ರಿ. ಹಗಲೆಲ್ಲ ಬಳಲಿದ ಹೃದಯಕ್ಕೆ ರಾತ್ರಿಯ ತಂಪೇ ವಿಶ್ರಾಂತಿ. ಒಣ ಬಯಲುನಾಡಿನಲ್ಲಿ ಸೂರ್ಯ ಮುಳುಗಿದ ಮೇಲೆ ನೆಲ ಬೇಗನೆ ಆರುತ್ತದೆ. ಕಲ್ಲು, ಸಿಮೆಂಟು, ಡಾಂಬರುಗಳಿಂದ ಕಟ್ಟಿದ ಮಹಾನಗರವು ಹಗಲಿನಲ್ಲಿ ಹೀರಿಕೊಂಡ ಉಷ್ಣವನ್ನು ರಾತ್ರಿಯೆಲ್ಲ ಉಗುಳುತ್ತಿರುತ್ತದೆ. 2003ರ ಆಗಸ್ಟ್ 11 ಮತ್ತು 12ರ ರಾತ್ರಿಗಳಲ್ಲಿ ಪ್ಯಾರಿಸ್ಸಿನ ಕನಿಷ್ಠ ತಾಪ 25 ಡಿಗ್ರಿಗಿಂತ ಕೆಳಕ್ಕೆ ಇಳಿಯಲಿಲ್ಲ. ಅಂಥ ರಾತ್ರಿಗಳನ್ನು ಆ ನಗರ ಕಂಡಿರಲಿಲ್ಲ.

ಪ್ಯಾರಿಸ್ ಕಲಿತ ಪಾಠ

ಇಷ್ಟು ನಿಸರ್ಗದ ಮಾತಾಯಿತು. ಫ್ರಾನ್ಸಿನ ದುರಂತದಲ್ಲಿ ಉಳಿದುದೆಲ್ಲ ಮನುಷ್ಯರ ಕೈಯಿಂದ ಆದುದು. ಅಲ್ಲಿಯ ಮನೆಗಳನ್ನು ಕಟ್ಟಿರುವುದು ಚಳಿಯನ್ನು ತಡೆಯುವುದಕ್ಕಾಗಿ. ಪ್ಯಾರಿಸ್ಸಿನ ಹಳೆಯ ಕಟ್ಟಡಗಳಿಗೆ ಸತುವಿನ ತಗಡಿನ ಚಾವಣಿಯಿದೆ. ಅದರ ಅಡಿಯಲ್ಲಿರುವ ಕಿರುಕೋಣೆಗಳಲ್ಲಿ ಬಾಡಿಗೆ ಕಡಿಮೆಯೆಂದು ಬಡವರೂ ಒಂಟಿ ವೃದ್ಧರೂ ವಾಸವಾಗಿದ್ದರು. ಮೇಲಂತಸ್ತಿನಲ್ಲಿ, ಚಾವಣಿಯ ಕೆಳಗೇ ಮಲಗುತ್ತಿದ್ದವರಿಗೆ ಅಪಾಯ ಹೆಚ್ಚಾಗಿತ್ತೆಂಬುದು ಆಮೇಲಿನ ತನಿಖೆಗಳಿಂದ ಸ್ಪಷ್ಟವಾಯಿತು. ಮನೆಗಳಲ್ಲಿ ಹವಾನಿಯಂತ್ರಣ ಯಂತ್ರಗಳಿರಲಿಲ್ಲ. ಅವುಗಳ ಅಗತ್ಯವಿದೆಯೆಂದು ಯಾರೂ ಎಣಿಸಿರಲಿಲ್ಲ.

ಆಗಸ್ಟ್ ತಿಂಗಳು ಆ ದೇಶದಲ್ಲಿ ಬಿಡುವಿನ ಕಾಲ. ಮಕ್ಕಳು ಸಂಸಾರಸಮೇತ ಕಡಲತೀರಕ್ಕೋ ಬೆಟ್ಟಕ್ಕೋ ಹೋಗಿದ್ದರು. ವೈದ್ಯರೂ ದಾದಿಯರೂ ರಜೆಯ ಮೇಲಿದ್ದರು. ನಗರದಲ್ಲಿ ಉಳಿದವರು ವೃದ್ಧರು. ಸತ್ತವರಲ್ಲಿ ಐದರಲ್ಲಿ ನಾಲ್ಕು ಪಾಲು 75 ವರ್ಷ ದಾಟಿದವರು. ಶವಾಗಾರಗಳು ತುಂಬಿ, ಪ್ಯಾರಿಸ್ಸಿನ ಹೊರವಲಯದ ರುಂಜಿಸ್ ಸಗಟು ಮಾರುಕಟ್ಟೆಯ ಶೀತಲ ಕೋಠಿಯಲ್ಲಿ ಹೆಣಗಳನ್ನು ಇರಿಸಬೇಕಾಯಿತು. ಸೆಪ್ಟೆಂಬರ್ 3ರಂದು, ಕೇಳುವವರಿಲ್ಲದ 57 ಶವಗಳನ್ನು ತಿಯೆ ಎಂಬಲ್ಲಿಯ ರುದ್ರಭೂಮಿಯಲ್ಲಿ ಹೂಳಲಾಯಿತು. ರಾಷ್ಟ್ರಾಧ್ಯಕ್ಷರಾಗಿದ್ದ ಜಾಕ್ ಶಿರಾಕ್ ಆ ಸಂಸ್ಕಾರದಲ್ಲಿ ಹಾಜರಿದ್ದರು. ಆ ಐವತ್ತೇಳು ಹೆಣಗಳು ಫ್ರೆಂಚ್ ಸಮಾಜದ ಆತ್ಮಸಾಕ್ಷಿಯನ್ನು ಚುಚ್ಚಿದವು. ಯುರೋಪಿನಲ್ಲೆಲ್ಲ ಆ ಬೇಸಗೆಯಲ್ಲಿ ಸತ್ತವರು ಸುಮಾರು 70,000 ಎಂದು ಮುಂದೆ ಲೆಕ್ಕ ದೊರೆಯಿತು.

ಫ್ರಾನ್ಸ್ ದೇಶ ಅತ್ತು ಸುಮ್ಮನಾಗಲಿಲ್ಲ. 2004ರಲ್ಲಿ ಬಿಸಿಗಾಳಿಯನ್ನು ಎದುರಿಸುವ ರಾಷ್ಟ್ರೀಯ ಯೋಜನೆ ರೂಪುಗೊಂಡಿತು. ಹವಾಮಾನ ಇಲಾಖೆಯ ಮುನ್ಸೂಚನೆಗೂ ಆರೋಗ್ಯ ಇಲಾಖೆಯ ಕಾರ್ಯಕ್ಕೂ ಕೊಂಡಿ ಬೆಸೆಯಲಾಯಿತು. ಒಂಟಿಯಾಗಿರುವ ವೃದ್ಧರ, ಅಂಗವಿಕಲರ ಹೆಸರುಗಳನ್ನು ಪಟ್ಟಿಯಲ್ಲಿಟ್ಟುಕೊಂಡು ಬಿಸಿಲಿನ ದಿನಗಳಲ್ಲಿ ಅವರನ್ನು ವಿಚಾರಿಸಿಕೊಳ್ಳುವ ಹೊಣೆ ಊರ ಪೌರಾಡಳಿತಕ್ಕೆ ಬಂತು. ವೃದ್ಧಾಶ್ರಮಗಳಲ್ಲಿ ಒಂದಾದರೂ ತಂಪಾದ ಕೋಣೆ ಇರಬೇಕೆಂದಾಯಿತು. ವೃದ್ಧರ ಮತ್ತು ಅಂಗವಿಕಲರ ಆರೈಕೆಗೆ ಹಣವೊದಗಿಸಲು ದುಡಿಯುವವರೆಲ್ಲ ವರ್ಷಕ್ಕೊಂದು ದಿನ ಹೆಚ್ಚಿನ ಕೂಲಿಯಿಲ್ಲದೆ ದುಡಿಯಬೇಕೆಂಬ ಶಾಸನವೂ ಅದೇ ವರ್ಷ ಬಂದಿತು. ಇದರ ಫಲ ಬೇಗನೆ ಕಂಡಿತು. 2006ರ ಜುಲೈ ತಿಂಗಳಲ್ಲಿ ಮತ್ತೆ ಬಿಸಿಗಾಳಿ ಬಂದಾಗ, ಹಿಂದಿನ ವರ್ಷಗಳ ಅನುಭವದ ಪ್ರಕಾರ ಸುಮಾರು 6,400 ಹೆಚ್ಚುವರಿ ಸಾವುಗಳಾಗಬೇಕಾಗಿತ್ತು. ಆದದ್ದು ಸುಮಾರು 2,000. ಸೂರ್ಯ ಬದಲಾಗಿರಲಿಲ್ಲ, ಸಮಾಜ ಎಚ್ಚೆತ್ತಿತ್ತು.

ನೆರೆಹೊರೆಯೆಂಬ ನೆರಳು

ಯಂತ್ರ ಮತ್ತು ಯೋಜನೆಗಳಿಗಿಂತ ಹಿಂದಿನದಾದ ಇನ್ನೊಂದು ರಕ್ಷಣೆ ನೆರೆಹೊರೆ. ಅಮೆರಿಕದ ಶಿಕಾಗೊ ನಗರದಲ್ಲಿ 1995ರ ಜುಲೈ ಮಧ್ಯದಲ್ಲಿ ಒಂದೇ ವಾರದ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಬಲಿಯಾದರು. ಸಮಾಜಶಾಸ್ತ್ರಜ್ಞ ಎರಿಕ್ ಕ್ಲಿನೆನ್‌ಬರ್ಗ್ ಈ ಘಟನೆಯನ್ನು ವರ್ಷಗಟ್ಟಲೆ ಅಭ್ಯಸಿಸಿ 2002ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಒಂದಕ್ಕೊಂದು ಅಂಟಿಕೊಂಡಿರುವ ಎರಡು ಬಡಾವಣೆಗಳನ್ನು ಅವರು ಹೋಲಿಸಿ ನೋಡಿದರು. ಎರಡರಲ್ಲೂ ಬಡತನವಿತ್ತು, ಎರಡರಲ್ಲೂ ಒಂಟಿ ವೃದ್ಧರಿದ್ದರು, ಸುರಿದ ಬಿಸಿಲೂ ಒಂದೇ. ಆದರೂ ಉತ್ತರ ಲಾನ್‌ಡೇಲಿನಲ್ಲಿ ಲಕ್ಷ ಜನರಿಗೆ 40ರಂತೆ ಸಾವಾದರೆ, ದಕ್ಷಿಣ ಲಾನ್‌ಡೇಲಿನಲ್ಲಿ ಲಕ್ಷಕ್ಕೆ ನಾಲ್ಕು ಮಾತ್ರ.

ವ್ಯತ್ಯಾಸವಿದ್ದುದು ಬೀದಿಯಲ್ಲಿ. ಮೊದಲನೆಯ ಬಡಾವಣೆಯಿಂದ ಕಾರ್ಖಾನೆಗಳೂ ಅಂಗಡಿಗಳೂ ಎತ್ತಂಗಡಿಯಾಗಿದ್ದವು. ಪಾಳುಬಿದ್ದ ನಿವೇಶನಗಳ ನಡುವೆ, ಕಳ್ಳಕಾಕರ ಭಯದಿಂದ ವೃದ್ಧರು ಬಾಗಿಲು ಕಿಟಕಿಗಳನ್ನು ಭದ್ರಪಡಿಸಿಕೊಂಡು ಒಳಗೇ ಕುಳಿತಿದ್ದರು. ಎರಡನೆಯ ಬಡಾವಣೆಯಲ್ಲಿ ಅಂಗಡಿ ಬೀದಿ ಗಿಜಿಗುಟ್ಟುತ್ತಿತ್ತು. ವೃದ್ಧರು ನಿರ್ಭಯವಾಗಿ ಮನೆಯಿಂದ ಹೊರಬಿದ್ದು ತಂಪಾದ ಅಂಗಡಿಗಳಲ್ಲಿ ಹೊತ್ತು ಕಳೆಯಬಹುದಾಗಿತ್ತು. ಎರಡು ದಿನ ಕಾಣದಿದ್ದರೆ ಯಾರಾದರೂ ಬಂದು ಬಾಗಿಲು ತಟ್ಟುತ್ತಿದ್ದರು.

ಕೆನಡ ದೇಶದ ಬ್ರಿಟಿಷ್ ಕೊಲಂಬಿಯ ಪ್ರಾಂತ ಇದೇ ಸತ್ಯವನ್ನು 2021ರಲ್ಲಿ ಮತ್ತೆ ತೋರಿಸಿತು. ಆ ವರ್ಷ ಜೂನ್ 29ರಂದು ಲಿಟ್ಟನ್ ಎಂಬ ಹಳ್ಳಿಯಲ್ಲಿ 49.6 ಡಿಗ್ರಿ ತಾಪ ದಾಖಲಾಯಿತು. ಒಂದು ವಾರದಲ್ಲಿ ಪ್ರಾಂತದಲ್ಲಿ 619 ಜನ ಉಷ್ಣದಿಂದ ಸತ್ತರೆಂದು ಸರಕಾರಿ ತನಿಖೆ ನಿರ್ಧರಿಸಿತು. ಅವರಲ್ಲಿ ನೂರಕ್ಕೆ 98 ಮಂದಿ ಸತ್ತದ್ದು ಬಯಲಿನಲ್ಲಲ್ಲ, ಕಟ್ಟಡಗಳ ಒಳಗೆ. ಅರ್ಧಕ್ಕಿಂತ ಹೆಚ್ಚಿನವರು ಒಂಟಿಯಾಗಿ ವಾಸಿಸುತ್ತಿದ್ದವರು. ಒಂದು ಬೊಗಸೆ ನೀರು ಕೊಟ್ಟು, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಆಸ್ಪತ್ರೆಗೆ ಸುದ್ದಿ ಮುಟ್ಟಿಸುವ ಒಬ್ಬರು ಪಕ್ಕದಲ್ಲಿದ್ದಿದ್ದರೆ ಅವರಲ್ಲಿ ಎಷ್ಟೋ ಮಂದಿ ಬದುಕುತ್ತಿದ್ದರು.

ದುಡಿಯುವವನ ಬಿಸಿಲು

ತಣ್ಣನೆಯ ದೇಶಗಳಲ್ಲಿ ಬಿಸಿಗಾಳಿ ಮುಖ್ಯವಾಗಿ ಮನೆಯೊಳಗಿನ ವೃದ್ಧರನ್ನು ಕೊಂಡೊಯ್ದರೆ, ಬಿಸಿಲನಾಡುಗಳಲ್ಲಿ ಅದು ಬಯಲಿನಲ್ಲಿ ದುಡಿಯುವವರ ಮೇಲೂ ಎರಗುತ್ತದೆ. ಇಟ್ಟಿಗೆ ಭಟ್ಟಿಯಲ್ಲಿ, ಕಲ್ಲುಗಣಿಯಲ್ಲಿ, ರಸ್ತೆಯ ಕೆಲಸದಲ್ಲಿ, ಹೊಲದ ಕೂಲಿಯಲ್ಲಿರುವವರಿಗೆ ಬಿಸಿಲಿನ ಅಪಾಯ ತಿಳಿಯದೆಂದಲ್ಲ. ನೆರಳಿಗೆ ಹೋದರೆ ಅಂದಿನ ಕೂಲಿ ಹೋಗುತ್ತದೆ. ಶರೀರದ ರೂಢಿ ಅವರನ್ನು ಒಂದು ಮಿತಿಯವರೆಗೆ ಮಾತ್ರ ಕಾಯುತ್ತದೆ. ಆ ಮಿತಿಯ ಆಚೆಗೆ ಕಾಯಬೇಕಾದುದು ನೀರು, ನೆರಳು, ವಿಶ್ರಾಂತಿ. 1998ರ ಬೇಸಗೆಯಲ್ಲಿ ಒಡಿಶಾ ರಾಜ್ಯದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಬಿಸಿಲಿಗೆ ಬಲಿಯಾದರು. 2015ರ ಮೇ ತಿಂಗಳಲ್ಲಿ ಆಂಧ್ರಪ್ರದೇಶ, ತೆಲಂಗಾಣಗಳಲ್ಲಿ ಅಷ್ಟೇ ಪ್ರಮಾಣದ ಸಾವು ಸಂಭವಿಸಿತು. ಸತ್ತವರಲ್ಲಿ ಕೂಲಿಕಾರರೂ ವೃದ್ಧರೂ ಬಹುಸಂಖ್ಯೆಯಲ್ಲಿದ್ದರು.

ಅದೇ ವರ್ಷ ಜೂನ್ ತಿಂಗಳಲ್ಲಿ ಪಾಕಿಸ್ತಾನದ ಕರಾಚಿಯಲ್ಲಿ ಕಡಲ ಗಾಳಿ ನಿಂತು, ತಾಪ 45 ಡಿಗ್ರಿಯ ಸನಿಹಕ್ಕೇರಿತು. ಗಂಟೆಗಟ್ಟಲೆ ವಿದ್ಯುತ್ತಿಲ್ಲದೆ ಫ್ಯಾನುಗಳು ನಿಂತವು, ನೀರಿನ ಸರಬರಾಜು ಕುಂಟಿತು. ಸಾವಿರಕ್ಕೂ ಮೀರಿದ ಸಾವುಗಳಾದವು. ಸೌಕರ್ಯವು ಊರಿನಲ್ಲಿದ್ದರಷ್ಟೇ ಸಾಲದು, ಬೇಕಾದ ಗಳಿಗೆಯಲ್ಲಿ ಅದು ಎಲ್ಲರ ಕೈಗೂ ಎಟುಕಬೇಕು. 2024ರ ಜೂನ್ ತಿಂಗಳಲ್ಲಿ ಮೆಕ್ಕಾ ಯಾತ್ರೆಯ ಕಾಲದಲ್ಲಿ ತಾಪ 50 ಡಿಗ್ರಿಯನ್ನು ದಾಟಿದಾಗ 1,301 ಯಾತ್ರಿಕರು ಸತ್ತರೆಂದು ಸೌದಿ ಸರಕಾರ ಪ್ರಕಟಿಸಿತು. ಅವರಲ್ಲಿ ನೂರಕ್ಕೆ 83 ಮಂದಿ ಅನುಮತಿಪತ್ರವಿಲ್ಲದೆ ಬಂದವರು. ನೆರಳಿನ ಆಸರೆಯಿಲ್ಲದೆ ಬಿಸಿಲಿನಲ್ಲಿ ಬಹುದೂರ ನಡೆದವರು. ಒಂದೇ ಕ್ಷೇತ್ರ, ಒಂದೇ ದಿನ, ಒಂದೇ ಬಿಸಿಲು. ಆದರೆ ನೆರಳು ಮಾತ್ರ ಎಲ್ಲರಿಗೂ ಒಂದೇ ಆಗಿರಲಿಲ್ಲ.

ಸಾವಿನ ಲೆಕ್ಕ

ದೇಶದೇಶಗಳನ್ನು ಹೋಲಿಸುವಾಗ ಒಂದು ಎಚ್ಚರಿಕೆ ಅಗತ್ಯ. 2022ರ ಬೇಸಗೆಯಲ್ಲಿ ಯುರೋಪಿನಲ್ಲಿ 61,000ಕ್ಕೂ ಹೆಚ್ಚು ಜನ ಉಷ್ಣದಿಂದ ಸತ್ತರೆಂದು ವಿದ್ವಾಂಸರು ಅಂದಾಜಿಸಿದ್ದಾರೆ. ಅವರಲ್ಲಿ ಇಟಲಿಯವರೇ ಸುಮಾರು 18,000. ಭಾರತದ ಅಧಿಕೃತ ಅಂಕಿಗಳು ಇದರ ಮುಂದೆ ತೀರ ಸಣ್ಣವು. ಇದಕ್ಕೆ ವಯಸ್ಸಿನ ವ್ಯತ್ಯಾಸವೂ ಒಂದು ಕಾರಣ. ಇಟಲಿಯಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು 65 ದಾಟಿದವರು. ಭಾರತದಲ್ಲಿ ನೂರಕ್ಕೆ ಸುಮಾರು ಏಳು ಮಂದಿ ಮಾತ್ರ. ಆದರೆ ಅದಕ್ಕಿಂತ ದೊಡ್ಡ ಕಾರಣ ಲೆಕ್ಕದ ವಿಧಾನ.

ಯುರೋಪಿನ ಲೆಕ್ಕವು ವೈದ್ಯರ ಬರವಣಿಗೆಯನ್ನು ಅವಲಂಬಿಸಿಲ್ಲ. ಒಂದು ಊರಿನಲ್ಲಿ ಸಾಮಾನ್ಯವಾಗಿ ಆಗುವ ಸಾವುಗಳೆಷ್ಟು, ಬಿಸಿಗಾಳಿಯ ದಿನಗಳಲ್ಲಿ ಆದ ಸಾವುಗಳೆಷ್ಟು ಎಂಬ ವ್ಯತ್ಯಾಸದಿಂದ ಹೆಚ್ಚುವರಿ ಸಾವನ್ನು ಕಂಡುಹಿಡಿಯಲಾಗುತ್ತದೆ. ಭಾರತದಲ್ಲಿ ಬಿಸಿಲಿನ ಸಾವೆಂದು ಬರೆಯಿಸಿಕೊಳ್ಳಲು ಉಷ್ಣಾಘಾತದ ಸ್ಪಷ್ಟ ಲಕ್ಷಣಗಳು ಕಾಣಬೇಕು. ಮಧ್ಯಾಹ್ನ ಹೊಲದಿಂದ ಬಂದು ರಾತ್ರಿ ಎದೆನೋವಿನಿಂದ ತೀರಿಕೊಂಡ ರೈತನ ಸಾವು ಹೃದ್ರೋಗದ ಸಾಲಿಗೆ ಸೇರುತ್ತದೆ, ಇಲ್ಲವೇ ಯಾವ ಸಾಲಿಗೂ ಸೇರುವುದಿಲ್ಲ. ನೋಂದಾಯಿತ ಸಾವುಗಳಲ್ಲಿ ವೈದ್ಯರಿಂದ ಕಾರಣ ಪ್ರಮಾಣಿತವಾಗುವಂಥವು ಸುಮಾರು ಐದರಲ್ಲೊಂದು ಪಾಲು ಮಾತ್ರ.

ಅಹಮದಾಬಾದಿನ ಉದಾಹರಣೆ ಇದನ್ನು ಬೆಳಕಿಗೆ ತಂದಿತು. 2010ರ ಮೇ ತಿಂಗಳಲ್ಲಿ ಆ ನಗರದ ತಾಪ 46.8 ಡಿಗ್ರಿಗೆ ಏರಿತ್ತು. ಹಿಂದಿನ ಮತ್ತು ಮುಂದಿನ ವರ್ಷಗಳಿಗೆ ಹೋಲಿಸಿದಾಗ ಆ ತಿಂಗಳು ಸುಮಾರು 3,100 ಸಾವುಗಳು ಸಹಜವಾಗಿದ್ದವು, ನಡೆದದ್ದು 4,462. ಹೆಚ್ಚಿನ 1,344 ಜೀವಗಳು ಒಂದೇ ನಗರದಲ್ಲಿ, ಒಂದೇ ತಿಂಗಳಲ್ಲಿ ಹೋಗಿದ್ದವು. ಆದ್ದರಿಂದ ಯಾವ ದೇಶದಲ್ಲಿ ಬಿಸಿಗಾಳಿ ಹೆಚ್ಚು ಮಾರಕ ಎಂಬ ಪ್ರಶ್ನೆಯೊಡನೆ ಯಾವ ದೇಶ ತನ್ನ ಸಾವುಗಳನ್ನು ಪ್ರಾಮಾಣಿಕವಾಗಿ ಎಣಿಸುತ್ತದೆ ಎಂಬ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ. ಎಣಿಸದ ಸಾವಿಗೆ ಪರಿಹಾರವೂ ಇಲ್ಲ, ಪಾಠವೂ ಇಲ್ಲ.

ಸಿದ್ಧತೆಯ ಫಲ

ಅಹಮದಾಬಾದು ಆ ಪಾಠವನ್ನು ಕಲಿಯಿತು. ಗಾಂಧಿನಗರದ ಸಾರ್ವಜನಿಕ ಆರೋಗ್ಯ ಸಂಸ್ಥೆ ಮೊದಲಾದವುಗಳ ಸಹಾಯದಿಂದ ನಗರಸಭೆ 2013ರಲ್ಲಿ ಬಿಸಿಗಾಳಿ ಕಾರ್ಯಯೋಜನೆಯನ್ನು ಜಾರಿಗೆ ತಂದಿತು. ದಕ್ಷಿಣ ಏಷ್ಯದಲ್ಲಿ ಅಂಥದು ಅದೇ ಮೊದಲು. ಅದರಲ್ಲಿ ದುಬಾರಿಯಾದುದು ಏನೂ ಇರಲಿಲ್ಲ. ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಮುನ್ನೆಚ್ಚರಿಕೆ. ಉಷ್ಣಾಘಾತವನ್ನು ಗುರುತಿಸಲು ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ. ಜನ ಸೇರುವಲ್ಲಿ ಕುಡಿಯುವ ನೀರು. ಮುಂದೆ ಕೊಳೆಗೇರಿಗಳ ಚಾವಣಿಗಳಿಗೆ ಬಿಳಿಯ ಬಣ್ಣ. ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ಕೋಣೆ ಚಾವಣಿಯ ಕೆಳಗಿನ ಮೇಲಂತಸ್ತಿನಲ್ಲಿತ್ತು. ಅದನ್ನು ಕೆಳ ಅಂತಸ್ತಿಗೆ ಸಾಗಿಸಿದೊಡನೆ ತಾಪದಿಂದ ನರಳುವ ಶಿಶುಗಳ ಸಂಖ್ಯೆ ತಗ್ಗಿತು. ಯೋಜನೆಯ ಆರಂಭದ ವರ್ಷಗಳಲ್ಲಿ ವರ್ಷಕ್ಕೆ ಸರಾಸರಿ ಸಾವಿರಕ್ಕೂ ಮಿಕ್ಕಿ ಜೀವಗಳು ಉಳಿದುವೆಂದು ನಂತರದ ಅಧ್ಯಯನ ಅಂದಾಜಿಸಿತು. ಒಡಿಶಾ ರಾಜ್ಯವೂ 1998ರ ಆಘಾತದ ಬಳಿಕ ಬೇಸಗೆಯಲ್ಲಿ ಶಾಲೆಯ ಮತ್ತು ಕೂಲಿ ಕೆಲಸದ ವೇಳೆಯನ್ನು ಬದಲಿಸಿತು.

ಅಮೆರಿಕದಲ್ಲಿ ಕಳೆದ ಶತಮಾನದ ಉತ್ತರಾರ್ಧದಲ್ಲಿ ಬಿಸಿಲಿನ ದಿನಗಳ ಸಾವು ಬಹಳ ಇಳಿದುದಕ್ಕೆ ಮನೆಮನೆಗೂ ಬಂದ ಹವಾನಿಯಂತ್ರಣ ಯಂತ್ರವೇ ಮುಖ್ಯ ಕಾರಣವೆಂದು ಸಂಶೋಧಕರು ತೋರಿಸಿದ್ದಾರೆ. ಆದರೆ ಅದು ಹಣವಿದ್ದವರ ಉಪಾಯ, ವಿದ್ಯುತ್ತಿದ್ದಾಗಿನ ಉಪಾಯ. ಅದು ಒಳಗಿನ ಉಷ್ಣವನ್ನು ಹೊರಗಿನ ಬೀದಿಗೆ ಚೆಲ್ಲುತ್ತದೆ. ಬೀದಿಯಲ್ಲಿ ದುಡಿಯುವವನಿಗೆ ಅದರಿಂದ ತಾಪ ಹೆಚ್ಚುವುದೇ ವಿನಾ ಕಡಿಮೆಯಾಗದು. ಸಿದ್ಧತೆಗೂ ಒಂದು ಮಿತಿಯುಂಟೆಂಬುದನ್ನು ಮರೆಯಲಾಗದು. ಯೋಜನೆಗಳಿದ್ದರೂ 2022ರಲ್ಲಿ ಯುರೋಪು ಅಷ್ಟು ಜನರನ್ನು ಕಳೆದುಕೊಂಡಿತು. ಭೂಮಿಯ ತಾಪ ಏರುತ್ತಿದೆ. ವೃದ್ಧರ ಸಂಖ್ಯೆ ಬೆಳೆಯುತ್ತಿದೆ. ಹಿಂದಿನ ಸಿದ್ಧತೆ ಮುಂದಿನ ಬೇಸಗೆಗೆ ಸಾಲದಾಗುತ್ತಿದೆ.

ಕನ್ನಡ ನಾಡಿನ ಬಿಸಿಲು

ಬಿಸಿಲನ್ನು ಬಲ್ಲ ಸಮಾಜಗಳು ಶತಮಾನಗಳ ಅನುಭವದಿಂದ ತಮ್ಮ ಬಾಳನ್ನು ಅದಕ್ಕೆ ಹೊಂದಿಸಿಕೊಂಡಿವೆ. ಉತ್ತರ ಕರ್ನಾಟಕದ ಹಳೆಯ ಮನೆಗಳ ದಪ್ಪ ಗೋಡೆ ಮತ್ತು ಮಣ್ಣಿನ ಮಾಳಿಗೆ ಹಗಲಿನ ಉಷ್ಣವನ್ನು ಒಳಕ್ಕೆ ಬಿಡಲು ಬಹಳ ಹೊತ್ತು ತೆಗೆದುಕೊಳ್ಳುತ್ತವೆ. ಉಪ್ಪು ಬೆರೆಸಿದ ಮಜ್ಜಿಗೆ, ಜೋಳದ ಅಂಬಲಿಗಳು ಬೆವರಿನಲ್ಲಿ ಹೋದ ನೀರನ್ನೂ ಉಪ್ಪನ್ನೂ ಒಟ್ಟಿಗೆ ಮರಳಿಸುತ್ತವೆ. ಹೊತ್ತು ಮೂಡುವ ಮೊದಲೇ ಹೊಲಕ್ಕೆ ಹೋಗಿ ಬಿಸಿಲೇರುವ ಮುನ್ನ ಮರಳುವ ಪದ್ಧತಿ, ದಾರಿಹೋಕರಿಗಾಗಿ ಊರಿನವರು ಇಡುವ ಅರವಟ್ಟಿಗೆ, ಇವೆಲ್ಲ ಯಾವ ಯೋಜನೆಯ ಕಾಗದವೂ ಇಲ್ಲದೆ ನಡೆದುಬಂದ ಜೀವರಕ್ಷಣೆಯ ಉಪಾಯಗಳು. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಿಸುವ ಕ್ರಮವೂ ಇದೇ ವಿವೇಕದಿಂದ ಬಂದುದು.

ಆದರೆ ಕಚೇರಿಯ ನೌಕರನಿಗೆ ದೊರೆತ ಈ ಅನುಕೂಲ ಕಲ್ಲು ಒಡೆಯುವವನಿಗೆ, ತಳ್ಳುಗಾಡಿಯವನಿಗೆ, ಮಾರುಕಟ್ಟೆಯ ಹಮಾಲನಿಗೆ ಇನ್ನೂ ದೊರೆತಿಲ್ಲ. ಮಣ್ಣಿನ ಮಾಳಿಗೆಗಳು ಹೋಗಿ ತಗಡಿನ ಚಾವಣಿಗಳೂ ತೆಳ್ಳನೆಯ ಕಾಂಕ್ರೀಟೂ ಬರುತ್ತಿವೆ. ರಸ್ತೆ ಅಗಲವಾದಂತೆ ಸಾಲುಮರಗಳು ಉರುಳುತ್ತಿವೆ. ಮಕ್ಕಳು ದೂರದ ನಗರಗಳಿಗೆ ದುಡಿಯಲು ಹೋಗಿ, ಹಳ್ಳಿಯ ಮನೆಗಳಲ್ಲಿ ಮುದುಕ ಮುದುಕಿಯರು ಇಬ್ಬರೇ, ಹಲವೆಡೆ ಒಬ್ಬರೇ ಉಳಿಯುತ್ತಿದ್ದಾರೆ. ಪ್ಯಾರಿಸ್ಸಿನ ಮೇಲಂತಸ್ತಿನ ಕೋಣೆಗೂ ಈ ಮನೆಗಳಿಗೂ ಇದ್ದ ಅಂತರ ವರ್ಷವರ್ಷಕ್ಕೆ ಕಿರಿದಾಗುತ್ತಿದೆ.

ಆದ್ದರಿಂದ ಬಿಸಿಗಾಳಿಯ ಸಾವನ್ನು ಹಣೆಬರಹವೆಂದು ಒಪ್ಪಿಕೊಳ್ಳುವುದು ಸರಿಯಲ್ಲ. ತಾಪವನ್ನು ತಡೆಯುವುದು ಒಂದು ಊರಿನ ಕೈಯಲ್ಲಿಲ್ಲದಿರಬಹುದು; ತಾಪದಿಂದ ಸಾಯುವವರನ್ನು ಉಳಿಸುವುದು ಊರಿನ ಕೈಯಲ್ಲೇ ಇದೆ. ನಡು ಹಗಲಿನಲ್ಲಿ ಕೂಲಿ ಕಡಿಯದೆ ಬಿಡುವು ಕೊಡುವ ಯಜಮಾನ, ತಗಡಿನ ಮೇಲೆ ಸುಣ್ಣ ಬಳಿಯುವ ಮನೆಯವರು, ಬೇಸಗೆಯ ಸಾವುಗಳನ್ನು ಸರಿಯಾಗಿ ಬರೆದಿಡುವ ಪಂಚಾಯಿತಿ, ನೀರಿನ ಕೊಡವನ್ನು ನೆರಳಿನಲ್ಲಿರಿಸುವ ಅಂಗಡಿಕಾರ ಇವರೆಲ್ಲರೂ ಈ ಕಾರ್ಯದಲ್ಲಿ ವೈದ್ಯರಷ್ಟೇ ಸಮರ್ಥರು. ರಜೆಗೆ ಊರಿಗೆ ಹೋಗುವ ವಿದ್ಯಾರ್ಥಿಗೂ ಇದರಲ್ಲೊಂದು ಪಾಲಿದೆ. ಬಿಸಿಲೇರಿದ ದಿನ ಮಧ್ಯಾಹ್ನವೊಮ್ಮೆ, ಸಂಜೆಯೊಮ್ಮೆ ಓಣಿಯ ಕೊನೆಯ ಮನೆಯ ಒಂಟಿ ಅಜ್ಜಿಯ ಬಾಗಿಲು ತಟ್ಟಿ, ನೀರು ಕುಡಿದಿದ್ದಾಳೆಯೇ, ಮಾತು ಸರಿಯಾಗಿದೆಯೇ ಎಂದು ನೋಡಿಬರುವುದು ಚಿಕ್ಕ ಕೆಲಸ. ಶಿಕಾಗೊ ನಗರದ ಒಂದು ಬಡಾವಣೆಯನ್ನು ಇನ್ನೊಂದರಿಂದ ಬೇರ್ಪಡಿಸಿದ್ದು ಅಷ್ಟು ಚಿಕ್ಕ ಕೆಲಸವೇ.